ಎರಡು ಹೊಸಮನೆ, ಒಂದು ಹಳೇ ಗಿಟಾರು

ಗಿಟಾರು ತರುತ್ತೇನೆ ಎಂದು ನಾನು ಹೇಳಿದಾಗ ನನ್ನ ಹೆಂಡತಿ ಈರುಳ್ಳಿ ಹೆಚ್ಚುತ್ತಿದ್ದಳು. ಚಾಕು ನಿಲ್ಲಿಸದೆ ಕೇಳಿದಳು: “ಯಾರಿಗೆ?”

ನಲವತ್ತೊಂಬತ್ತು ವರ್ಷದ ಗಂಡಸು ಈ ಪ್ರಶ್ನೆಗೆ “ನನಗೇ” ಎನ್ನಬೇಕಾದರೆ ಎರಡು ಸಲ ಗಂಟಲು ಸರಿಮಾಡಿಕೊಳ್ಳಬೇಕು. ಮಗಳ ಹೆಸರು ಹೇಳಿ ತಪ್ಪಿಸಿಕೊಳ್ಳೋಣವೆಂದರೆ, ದ್ವಿತೀಯ ಪಿಯುಸಿ ಓದುವ ಅವಳು ಒಳಗಿನಿಂದಲೇ “ಅಪ್ಪಾ, ನನ್ ಹೆಸರು ತೆಗೀಬೇಡಿ” ಎಂದು ಕೂಗಿದಳು. ಅಮ್ಮನ ಹೆಸರು ಹೇಳುವಷ್ಟು ಧೈರ್ಯ ನನಗಿಲ್ಲ.

“ನನಗೇ ಕಣೆ. ಸಂಜೆ ಹೊತ್ತು ಮನೇಲಿ ಸುಮ್ಮನೆ ನುಡಿಸೋಕೆ. ಎಲೆಕ್ಟ್ರಿಕ್ಕು. ಹೊಸದಲ್ಲ, ಹಳೇದು.”

ಇಷ್ಟರಲ್ಲಿ ಅವಳಿಗೆ ಹಿಡಿಸಿದ್ದು ಕೊನೆಯ ಮಾತೊಂದೇ. ನಾವಿರುವುದು ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿ. ಬಡಾವಣೆಯ ಹೆಸರು ನಂಬಿ ನಮ್ಮ ಮನೆಗೆ ಬಂದವರಿಗೆ ಹೊಸದಾಗಿ ಕಾಣಸಿಗುವುದು ಗೋಡೆಯ ಮೇಲಿನ ಕ್ಯಾಲೆಂಡರ್ ಮಾತ್ರ. ಸ್ಕೂಟರು ಭಾವನದು. ಸೋಫಾ ವರ್ಗವಾಗಿ ಹೋದ ನೆರೆಯವರದು. ಫ್ರಿಜ್ಜು ನಾವೇ ಕೊಂಡದ್ದು, ಆದರೆ ಮುಟ್ಟಿದರೆ ಜುಮ್ಮೆನ್ನುತ್ತದೆ. ಮಳೆಗಾಲದಲ್ಲಿ ಬರಿಗಾಲಲ್ಲಿ ಅದರ ಬಾಗಿಲಿಗೆ ಕೈ ಹಾಕುವ ಸಾಹಸ ನಮ್ಮಲ್ಲಿ ಯಾರೂ ಮಾಡುವುದಿಲ್ಲ. ಹಾಲು ತೆಗೆಯಲೆಂದೇ ಒಂದು ಜೊತೆ ಹವಾಯಿ ಚಪ್ಪಲಿ ಅದರ ಮುಂದೆ ಖಾಯಂ ಇರುತ್ತದೆ. ಈ ಫ್ರಿಜ್ಜು ನೆನಪಿರಲಿ, ಮುಂದೆ ಬರುತ್ತದೆ.

ಗಿಟಾರಿನ ಹುಚ್ಚು ನನಗೆ ಸಹ್ಯಾದ್ರಿ ಕಾಲೇಜಿನ ಕಾಲದ್ದು. ಗೆಳೆಯನ ರೂಮಿನಲ್ಲಿ ಒಂದು ಡಬ್ಬಾ ಗಿಟಾರಿತ್ತು. ಅದರಲ್ಲಿ ಮೂರು ಕಾರ್ಡು ಕಲಿತೆ: ಜಿ, ಸಿ, ಡಿ. ನಾಲ್ಕನೆಯದು ಎಫ್. ಅದನ್ನು ಹಿಡಿಯಲು ತೋರುಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡಡ್ಡ ಮಲಗಿಸಿ ಒತ್ತಬೇಕು, ಉಳಿದ ಮೂರು ಬೆರಳು ಅದೇ ಹೊತ್ತಿಗೆ ಬೇರೆಬೇರೆ ಮನೆ ಸೇರಬೇಕು. ನನ್ನ ಬೆರಳು ಮಲಗಲಿಲ್ಲ. ಒತ್ತಿದರೆ ಬರುತ್ತಿದ್ದುದು ಹಂಚಿನ ಮೇಲೆ ಬೆಕ್ಕು ಓಡಿದ ಸದ್ದು. ಆ ಗಿಟಾರಿನ ತಂತಿಗಳು ಫಲಕದಿಂದ ತೀರಾ ಮೇಲಿವೆ, ಯಾರಿಗೂ ಎಫ್ ಬರುವುದು ಸಾಧ್ಯವಿಲ್ಲ ಎಂದು ತೀರ್ಪು ಕೊಟ್ಟು ಕೈಬಿಟ್ಟೆ. ಆ ತೀರ್ಪಿನ ಬಲದ ಮೇಲೆಯೇ ಮೂವತ್ತು ವರ್ಷ “ಒಂದು ಕಾಲದಲ್ಲಿ ಗಿಟಾರ್ ಬಾರಿಸ್ತಿದ್ದೆ” ಎಂದು ಮದುವೆ ಮನೆಗಳಲ್ಲಿ ಹೇಳಿಕೊಂಡು ಬಂದಿದ್ದೇನೆ.

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ” ಎಂದಳು ಹೆಂಡತಿ, ಈರುಳ್ಳಿಯನ್ನು ಒಗ್ಗರಣೆಗೆ ಹಾಕುತ್ತ.

ಅದಕ್ಕೇ ಎಲೆಕ್ಟ್ರಿಕ್ಕು ಎಂದು ವಿವರಿಸಿದೆ. ಅದರ ತಂತಿ ತೆಳು, ಕತ್ತು ಸಣ್ಣ, ತಂತಿಗೂ ಫಲಕಕ್ಕೂ ಅಂತರ ಕಡಿಮೆ. ನೆಲ ಡೊಂಕಿಲ್ಲದ ಗಿಟಾರು ಹುಡುಕಿ ತಂದರೆ ಎಫ್ ತಾನಾಗಿ ಬರುತ್ತದೆ. ಹುಡುಕುವುದಷ್ಟೇ ಕೆಲಸ.

ಹುಡುಕುವುದಕ್ಕೆ ಎಂಟು ತಿಂಗಳಾಯಿತು. “ಇಷ್ಟು ಓದಿದ್ರೆ ಕೆಎಎಸ್ ಆಗ್ತಿತ್ತು” ಎಂದು ಮನೆಯಲ್ಲಿ ಅಭಿಪ್ರಾಯ ಬಂತು. ಗಿಬ್ಸನ್‌ನವರ ಲೆಸ್ ಪಾಲ್ ಬಂದದ್ದು 1952ರಲ್ಲಿ, ಫೆಂಡರ್‌ನವರ ಸ್ಟ್ರಾಟೊಕಾಸ್ಟರ್ 1954ರಲ್ಲಿ ಎಂಬುದು ನನಗೆ ನಮ್ಮ ಮದುವೆಯ ವರ್ಷಕ್ಕಿಂತ ಚೆನ್ನಾಗಿ ಬಾಯಿಗೆ ಬಂತು. ಆ ಲಿಯೋ ಫೆಂಡರ್ ಮೂಲತಃ ರೇಡಿಯೋ ರಿಪೇರಿಯವನು. ಜಗತ್ತಿನ ಅತಿ ಹೆಸರಾದ ಗಿಟಾರನ್ನು ಮಾಡಿದ ಆ ಮನುಷ್ಯನಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ! ಇದನ್ನು ಓದಿದ ದಿನ ನನಗಾದ ಸಮಾಧಾನ ಇಷ್ಟಿಷ್ಟಲ್ಲ. ಓಡಿಹೋಗಿ ಹೆಂಡತಿಗೆ ಹೇಳಿದೆ.

“ಅವನು ಮಾಡ್ದ. ನೀವು ತರ್ತೀರಿ” ಎಂದಳು. ವ್ಯತ್ಯಾಸ ಅಷ್ಟೇ.

ಬೆಲೆಯ ವಿಷಯದಲ್ಲಿ ಮಾತ್ರ ನನ್ನ ಓದು ವ್ಯರ್ಥವಾಗಲಿಲ್ಲ ಎಂದುಕೊಂಡಿದ್ದೇನೆ. ತೀರಾ ಅಗ್ಗದ ಹೊಸ ಗಿಟಾರಿನಲ್ಲಿ ಕಂಪನಿಯವರು ಉಳಿಸುವುದು ಕಣ್ಣಿಗೆ ಕಾಣದ ಕಡೆ: ತಂತಿ ಬಿಗಿಯುವ ಕಿವಿ ಸಡಿಲ, ಲೋಹದ ಮನೆಗೆರೆಗಳ ಅಂಚು ಚೂಪು, ಒಳಗಿನ ಗುಂಡಿಗಳು ಗೊರಗೊರ. ಕಲಿಯುವವನು ಮೂರನೇ ವಾರಕ್ಕೆ ಶ್ರುತಿ ಮಾಡಿ ಮಾಡಿ ಸುಸ್ತಾಗಿ ಅದನ್ನು ಬೀರುವಿನ ಮೇಲಿಡುತ್ತಾನೆ. ತೀರಾ ದುಬಾರಿಯದು ನಮ್ಮ ಮನೆಯ ಸೋಫಾ ಮೇಲೆ ಕೂರಲು ಒಪ್ಪುವುದಿಲ್ಲ. ನಡುವೆ ಇರುವುದು ಮಧ್ಯಮ ವರ್ಗ. ಫೆಂಡರ್‌ನವರದೇ ಕಿರಿಯ ಹೆಸರು ಸ್ಕ್ವಾಯರ್, 1982ರಿಂದ ಇದೆ. ಗಿಬ್ಸನ್‌ನವರ ಕೈಕೆಳಗಿನದು ಎಪಿಫೋನ್. ಯಾರ ತಮ್ಮನೂ ಅಲ್ಲದೆ ಸ್ವಂತ ಮರ್ಯಾದೆಯಲ್ಲಿ ಬದುಕಿರುವುದು ಯಮಹಾದವರ ಪಸಿಫಿಕಾ, 1990ರದು. ಇವನ್ನು ಕೊಂಡವರಲ್ಲಿ ಬಹಳ ಮಂದಿ ವರ್ಷದೊಳಗೆ ನನ್ನ ಹಾಗೇ ಎಫ್ ಹತ್ತಿರ ನಿಲ್ಲುತ್ತಾರೆ. ಹಾಗಾಗಿ ಹೆಚ್ಚು ಸವೆಯದ ಗಿಟಾರು ಹೊಸದರ ಮುಕ್ಕಾಲು ಬೆಲೆಗೆ, ಅದೃಷ್ಟವಿದ್ದರೆ ಅರ್ಧ ಬೆಲೆಗೆ ಸಿಗುತ್ತದೆ. ಪರರ ಸೋಲೇ ನಮ್ಮ ರಿಯಾಯಿತಿ.

ಮೊಬೈಲಿನಲ್ಲಿ ಕೊನೆಗೂ ಅಂಥದ್ದೊಂದು ಕಣ್ಣಿಗೆ ಬಿತ್ತು. ಮಧ್ಯಮ ವರ್ಗದ್ದೇ. ಕಂಪನಿಯ ಹೆಸರು ಬೇಡ, ಮುಂದೆ ಬರುವ ದೋಷಗಳಿಗೆ ಅವರು ಹೊಣೆಯಲ್ಲ. ಬೆಲೆ 18,000. ಕೆಳಗೆ ಊರು: ಹೊಸಮನೆ. ನನಗೆ ರೋಮಾಂಚನವಾಯಿತು. ಎಂಟು ತಿಂಗಳು ಜಗತ್ತೆಲ್ಲ ಹುಡುಕಿದ್ದು ಹಿತ್ತಿಲಲ್ಲೇ ಇತ್ತಲ್ಲ! ಹುಡುಗನಿಗೆ ಫೋನು ಮಾಡಿದರೆ, “ಸಂಜೆ ಐದಕ್ಕೆ ಬನ್ನಿ ಅಂಕಲ್, ಹೊಸಮನೆ ಮೇನ್ ರೋಡು” ಎಂದ.

ಆಷಾಢದ ಮಳೆ. ಕೊಡೆ ಹಿಡಿದು ನಮ್ಮ ಬಡಾವಣೆಯ ಒಂದೊಂದೇ ಕ್ರಾಸು ಮುಗಿಸುತ್ತ ಬಂದೆ. ಮುಕ್ಕಾಲು ಗಂಟೆ ಸುತ್ತಿದ ಮೇಲೆ ಒಂದು ದಿನಸಿ ಅಂಗಡಿಯಲ್ಲಿ ಕೇಳಿದೆ: “ಇಲ್ಲೆಲ್ಲೋ ಗಿಟಾರ್ ಮನೆ ಇದೆಯಂತಲ್ಲ?”

ಅಂಗಡಿಯವರು ಸಕ್ಕರೆ ಕಟ್ಟುತ್ತ ಹೇಳಿದರು: “ಹಿಂದಿನ ಕ್ರಾಸಲ್ಲಿ ಒಬ್ರು ಇದಾರಂತೆ ಮಾರಾಯ್ರೆ. ಎಂಟು ತಿಂಗಳಿಂದ ಗಿಟಾರು ಗಿಟಾರು ಅಂತ ಮನೆಯೋರಿಗೆ ತಲೆ ತಿಂತಾ ಇದಾರೆ ಅಂತ ಅವ್ರ ಮನೆಯೋರೇ ಹೇಳ್ತಿದ್ರು. ಅಲ್ಲಿ ಕೇಳಿ ನೋಡಿ.” ಅವರು ಬೆರಳು ತೋರಿಸಿದ ಕಡೆ ನಮ್ಮ ಮನೆ ಇತ್ತು. ಕೊಡೆ ತಗ್ಗಿಸಿ ಮುಖ ಮುಚ್ಚಿಕೊಂಡು ಮತ್ತೆ ಫೋನು ಮಾಡಿದೆ.

“ಶಿವಾಜಿ ಸರ್ಕಲ್ ಹತ್ರ ಬಂದ್ಬಿಡಿ ಅಂಕಲ್.”

“ಹೊಸಮನೇಲಿ ಶಿವಾಜಿ ಸರ್ಕಲ್ ಎಲ್ಲಿದೆಯಪ್ಪಾ?”

“ಭದ್ರಾವತಿ ಹೊಸಮನೆ ಅಂಕಲ್! ಇನ್ನೆಲ್ಲಿದೆ ಹೊಸಮನೆ?”

ಇನ್ನೆಲ್ಲಿದೆ ಎಂದು ನಾನು ಹೇಳಲಿಲ್ಲ. ತುಂಗೆ ಭದ್ರೆಯರಾದರೆ ಕೂಡ್ಲಿಯಲ್ಲಿ ಒಂದಾಗುತ್ತಾರೆ. ಅವರವರ ಊರಿನ ಹೊಸಮನೆಗಳು ಒಂದಾಗುವುದು ನನ್ನಂಥವರ ಫೋನಿನಲ್ಲಿ ಮಾತ್ರ.

ಮುಂದಿನ ಭಾನುವಾರ ಬಸ್ಸು ಹತ್ತಿದೆವು. ಸುಮಾರು 20 ಕಿಲೋಮೀಟರ್ ದಾರಿ. ಬಹುವಚನ ಏಕೆಂದರೆ ಹೆಂಡತಿಯೂ ಬಂದಳು. ಗಾಂಧಿ ಬಜಾರಿನಲ್ಲಿ ಕೊತ್ತಂಬರಿ ಸೊಪ್ಪಿನ ಕಟ್ಟಿಗೂ ಚೌಕಾಸಿ ಮಾಡಿ ಮೇಲೊಂದು ಕರಿಬೇವಿನ ಎಸಳು ಹಾಕಿಸಿಕೊಳ್ಳುವ ಅವಳು, 18,000ದ ವ್ಯವಹಾರವನ್ನು ನನ್ನೊಬ್ಬನ ಕೈಗೆ ಬಿಡುವುದುಂಟೆ? ದಾರಿಯುದ್ದಕ್ಕೂ ನಾನು ಅವಳಿಗೆ ಪಾಠ ಮಾಡಿದೆ. ಹಳೇ ಗಿಟಾರಿನಲ್ಲಿ ಮೊದಲು ನೋಡಬೇಕಾದ್ದು ಕತ್ತು. ಬಣ್ಣ ಹೋಗಿದ್ದರೆ ಹೋಗಲಿ. ಗುಂಡಿ ಗೊರಗುಟ್ಟಿದರೆ ಅದಕ್ಕೆ ಹೊಡೆಯುವ ದ್ರಾವಣ ಸಿಗುತ್ತದೆ. ಮನೆಗೆರೆಗಳಲ್ಲಿ ತಂತಿ ಕೊರೆದ ಹಳ್ಳಗಳಿದ್ದರೆ ಮಾತ್ರ ಖರ್ಚು ಬರುತ್ತದೆ. ಕತ್ತು ತಿರುಚಿಕೊಂಡಿದ್ದರೆ ನಮಸ್ಕಾರ ಹೇಳಿ ಎದ್ದುಬರಬೇಕು.

“ಕತ್ತು ನಾನು ನೋಡ್ತೀನಿ. ನೀವು ಮಾತಾಡ್ಬೇಡಿ” ಎಂದಳು.

ಆ ಮನೆಯಲ್ಲಿ ಹುಡುಗನಿದ್ದ. ಕೆಲಸ ಸಿಕ್ಕಿ ಬೆಂಗಳೂರಿಗೆ ಹೊರಟಿದ್ದನಂತೆ. ಗಿಟಾರನ್ನು ದೇವರ ಹಾಗೆ ಒರೆಸಿ ಮಂಚದ ಮೇಲೆ ಮಲಗಿಸಿದ್ದ. ಪಕ್ಕದಲ್ಲಿ ಒಂದು ಪುಟ್ಟ ಟ್ರಂಕಿನಷ್ಟು ದೊಡ್ಡ ಆಂಪ್ಲಿಫೈಯರ್. ಮೂಲೆಯ ಕುರ್ಚಿಯಲ್ಲಿ ಅವನ ಅಜ್ಜ. ಕಬ್ಬಿಣದ ಕಾರ್ಖಾನೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ಲೇತ್ ಮುಂದೆ ನಿಂತು ನಿವೃತ್ತರಾದ ಟರ್ನರ್. ಭದ್ರಾವತಿಯಲ್ಲಿ ಯಾವ ಮನೆಗೆ ಹೋದರೂ ಒಂದು ಕುರ್ಚಿಯಲ್ಲಿ ಕಾರ್ಖಾನೆ ಕೂತಿರುತ್ತದೆ. 1923ರಲ್ಲಿ ಮಲೆನಾಡಿನ ಕಾಡಿನ ಇದ್ದಿಲು ಉರಿಸಿ ಕಬ್ಬಿಣ ಕರಗಿಸಲು ಶುರುಮಾಡಿದ ಊರು ಅದು. ಉಕ್ಕಿನ ಮಾತು ಬಂದರೆ ಅಲ್ಲಿನ ಹಿರಿಯರು ಸುಮ್ಮನಿರುವುದಿಲ್ಲ.

ನಾನು ಗಿಟಾರನ್ನು ಎತ್ತಿ, ಬಂದೂಕಿನ ಗುರಿ ನೋಡುವವನಂತೆ ಒಂದು ಕಣ್ಣು ಮುಚ್ಚಿ ಕತ್ತಿನುದ್ದಕ್ಕೂ ನೋಡಿದೆ. ಏನೂ ಗೊತ್ತಾಗಲಿಲ್ಲ. ಗೊತ್ತಾದವನಂತೆ “ಹೂಂ” ಎಂದೆ.

“ಎಂಥ ನೋಡ್ತಿದೀರಿ?” ಅಜ್ಜ ಕೇಳಿದರು.

“ಕತ್ತು ಬಾಗಿದೆಯಾ ಅಂತ, ಯಜಮಾನ್ರೆ.”

“ಕಣ್ಣಲ್ಲಿ ನೋಡಿದ್ರೆ ಗೊತ್ತಾಗ್ತದಾ? ಎಷ್ಟು ಬಾಗ್ಬೋದು?”

ಎಂಟು ತಿಂಗಳ ಓದು ಕೊನೆಗೂ ಕೆಲಸಕ್ಕೆ ಬಂತು. ಮೊದಲನೇ ಮನೆಯಲ್ಲೂ ಕೊನೇ ಮನೆಯಲ್ಲೂ ತಂತಿಯನ್ನು ಒತ್ತಿ ಹಿಡಿದರೆ, ನಡುವೆ ಏಳನೇ ಮನೆಯ ಹತ್ತಿರ ಒಂದು ಕೂದಲೆಳೆ ಸಂದಿರಬೇಕು, ಇಂಚಿನ ಸಾವಿರದಲ್ಲಿ ಹತ್ತು ಭಾಗದಷ್ಟು ಎಂದೆ.

“ಹತ್ತು ತೌ” ಎಂದರು ಅಜ್ಜ. ಅವರ ಮುಖದಲ್ಲಿ ಸೈರನ್ ಕೇಳಿ ಎದ್ದವರ ಕಳೆ ಬಂತು. ಎದ್ದು ಒಳಗೆ ಹೋಗಿ, ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟ ಫೀಲರ್ ಗೇಜ್ ತಂದರು. ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ಉಕ್ಕಿನ ಎಸಳುಗಳು, ಒಂದೊಂದರ ಮೇಲೂ ಅದರ ದಪ್ಪ ಕೆತ್ತಿದೆ. ನನ್ನಿಂದ ಒಂದು ಕಡೆ, ಮೊಮ್ಮಗನಿಂದ ಇನ್ನೊಂದು ಕಡೆ ತಂತಿ ಒತ್ತಿಸಿದರು. ಹತ್ತರ ಎಸಳು ತೂರಿಸಿದರು, ಸಲೀಸಾಗಿ ಹೋಯಿತು. ಹದಿನೈದು ಹೋಯಿತು. ಇಪ್ಪತ್ತೈದು ಹೋಯಿತು. ಮೂವತ್ತಕ್ಕೆ ಹಿಡಿಯಿತು.

“ಮೂವತ್ತು ತೌ ಬಾಗಿದೆ!” ಅಜ್ಜ ಮೊಮ್ಮಗನ ಕಡೆ ತಿರುಗಿದರು. “ಇದಕ್ಕೆ ಹದಿನೆಂಟು ಸಾವಿರ ಹೇಳಿದೀಯಾ? ನಾಚ್ಕೆ ಆಗಲ್ವಾ ನಿಂಗೆ? ಇಂಥ ಜಾಬ್ ನಾನು ಕೊಟ್ಟಿದ್ರೆ ಇನ್ಸ್‌ಪೆಕ್ಷನ್ನೋರು ಮುಖದ ಮೇಲೆ ಎಸೀತಿದ್ರು.”

“ತಾತಾ, ಸುಮ್ನಿರು...” ಹುಡುಗ ಪೇಚಾಡಿದ.

“ಹದಿನಾರಕ್ಕೆ ಕೊಡು.”

ಚೌಕಾಸಿಗೆಂದೇ ಸೆರಗು ಸಿಕ್ಕಿಸಿಕೊಂಡು ಬಂದಿದ್ದ ನನ್ನ ಹೆಂಡತಿಗೆ ಕೆಲಸವೇ ಇಲ್ಲದಂತಾಯಿತು. ಅವಳು ಬಾಯಿ ತೆರೆಯುವಷ್ಟರಲ್ಲಿ ಅಜ್ಜ ಗುಂಡಿಗಳನ್ನು ತಿರುಗಿಸಿ, ಗೊರಗೊರ ಕೇಳಿ, ಇನ್ನೊಂದು ಸಾವಿರ ಇಳಿಸಿದರು.

ಒಳಗೊಳಗೇ ನನಗೆ ಆದದ್ದು ಸಂತೋಷ. ಕುಣಿಯಲಾರದವನ ನೆಲ ನಿಜವಾಗಿಯೂ ಡೊಂಕಾಗಿತ್ತು! ಅಳೆದು ಹೇಳಿದವರು ಇಂಥ ಟರ್ನರ್. ಇನ್ನು ಎಫ್ ಬರದಿದ್ದರೆ ಮೂವತ್ತು ತೌ ಎಂಬ ಕಾರಣ ಜೀವಮಾನಕ್ಕೆ ಸಾಕು. ಹೆಂಡತಿಯ ಕಡೆ ಗೆದ್ದವನಂತೆ ನೋಡಿದೆ. ಆದರೆ ಅಜ್ಜನ ಕೆಲಸ ಮುಗಿದಿರಲಿಲ್ಲ.

“ಒಳಗೆ ರಾಡ್ ಇರ್ಬೇಕಲ್ಲ?” ಎಂದರು. ಇದೆ. ಕತ್ತಿನ ಮರದೊಳಗೆ ಉದ್ದಕ್ಕೂ ಒಂದು ಉಕ್ಕಿನ ಸರಳಿರುತ್ತದೆ. ಆರು ತಂತಿಗಳು ಒಟ್ಟಾಗಿ ಹೆಚ್ಚುಕಡಿಮೆ 40 ಕಿಲೋ ಬಲದಲ್ಲಿ ಕತ್ತನ್ನು ಮುಂದಕ್ಕೆ ಎಳೆಯುತ್ತವೆ, ಅದಕ್ಕೆ ಎದುರಾಗಿ ಈ ಸರಳು ನಿಲ್ಲುತ್ತದೆ. “ದಿನಾ ನಲವತ್ತು ಕೆಜಿ ಎಳೀತಿದ್ರೆ ಯಾರ ಕತ್ತು ಬಾಗಲ್ಲ?” ಎಂದು ಅಜ್ಜ ಹೇಳಿದಾಗ ಹೆಂಡತಿ ನನ್ನ ಕಡೆ ನೋಡದೆ ಕಿಟಕಿ ನೋಡಿದಳು. ಅಜ್ಜ ಅಲೆನ್ ಕೀ ಹಾಕಿದರು. ಕಾಲು ಸುತ್ತು ತಿರುಗಿಸಿ, ತಂತಿ ಮತ್ತೆ ಶ್ರುತಿಗೆ ತರಿಸಿ, ಅಳೆದರು. ಇನ್ನೊಂದು ಕಾಲು ಸುತ್ತಿನ ಮುಂಚೆ ಚಹಾ ಕುಡಿಸಿದರು. ಮರಕ್ಕೆ ಹೊಂದಿಕೊಳ್ಳಲು ಹೊತ್ತು ಬೇಕು, ಆತುರ ಮಾಡಿದರೆ ರಾಡು ಕೈಗೆ ಬರುತ್ತದೆ ಎಂದರು. ಚಹಾ ಆಗಿ, ಚಕ್ಕುಲಿ ಆಗಿ, ಮುಚ್ಚಿಹೋದ ಪೇಪರ್ ಮಿಲ್ಲಿನ ಬಗ್ಗೆ ಒಂದಷ್ಟು ಮರುಗಿದ್ದಾಗಿ, ಒಂದೂವರೆ ಗಂಟೆಗೆ ಹತ್ತರ ಎಸಳು ಹಿಡಿಯುವ ಹಾಗಾಯಿತು.

“ಈಗ ಕಂಪ್ಲೇಂಟೇ ಇಲ್ಲ” ಎಂದು ಗಿಟಾರನ್ನು ನನ್ನ ಕೈಗೆ ಕೊಟ್ಟರು. ನನ್ನ ಜೀವಮಾನದ ಕಾರಣವೊಂದನ್ನು ಆ ಪುಣ್ಯಾತ್ಮ ಎರಡು ಕಾಲು ಸುತ್ತಿನಲ್ಲಿ ಮುಗಿಸಿದ್ದರು.

ಹೊರಡುವಾಗ ಬಾಗಿಲ ತನಕ ಬಂದು ಕೇಳಿದರು: “ಮನೇಲಿ ಅರ್ಥಿಂಗ್ ಸರಿಯಿದ್ಯಾ?” ನಾನು ತಡವರಿಸಿದೆ. ಹೆಂಡತಿ ಫ್ರಿಜ್ಜಿನ ಕಥೆ ಹೇಳಿದಳು. ಅಜ್ಜನ ಮುಖ ಗಂಭೀರವಾಯಿತು. ಗಿಟಾರಿನ ತಂತಿಗಳು ಒಳಗಿನಿಂದ ಆಂಪ್ಲಿಫೈಯರಿನ ಅರ್ಥಿಗೇ ಸೇರಿರುತ್ತವೆ, ಅರ್ಥಿಂಗ್ ಇಲ್ಲದ ಮನೆಯಲ್ಲಿ ಇದನ್ನು ಹಿಡಿದು ಕೂರುವುದು ಆಟದ ಮಾತಲ್ಲ, ಮೊದಲು ಅದು ಮಾಡಿಸಿ ಎಂದರು. ಗಿಟಾರು 15,000ಕ್ಕೆ ಮುಗಿಯಿತು. ಆಂಪ್ಲಿಫೈಯರು ಬೇಡವಾಗಿತ್ತು. ಮನೆಗೆ 10 ವ್ಯಾಟ್ ಧಾರಾಳ ಸಾಕು, ಅದು 40 ವ್ಯಾಟಿನದು. “ಗಣಪತಿ ಕೂರಿಸೋಕೂ ಆಗ್ತದೆ” ಎಂದು ಅಜ್ಜ ಹೊಗಳಿದರು. 4,000ಕ್ಕೆ ಸಿಕ್ಕರೆ ಬಿಡುವುದುಂಟೆ ಎಂದು ತಂದೆ. ಎಂಟು ತಿಂಗಳ ಓದಿನಲ್ಲಿ ಈ ಒಂದು ಪಾಠ ನನಗೆ ಹತ್ತಿರಲಿಲ್ಲ.

ಮಾರನೇ ವಾರ ಎಲೆಕ್ಟ್ರಿಷಿಯನ್ ಬಂದು ಹಿತ್ತಿಲಲ್ಲಿ ಗುಂಡಿ ತೋಡಿದರು. ಕಬ್ಬಿಣದ ಪೈಪು ನಿಲ್ಲಿಸಿ, ಸುತ್ತ ಇದ್ದಿಲು, ಉಪ್ಪು, ಇದ್ದಿಲು, ಉಪ್ಪು ಎಂದು ಪದರ ಪದರವಾಗಿ ತುಂಬಿದರು. ಬೇಸಿಗೆಯಲ್ಲಿ ನೀರು ಹಾಕುತ್ತಿರಿ ಎಂದರು. ಅಮ್ಮ ಅದನ್ನು ಕೇಳಿಸಿಕೊಂಡವರು ಅಂದಿನಿಂದ ತುಳಸಿಗೆ ಹಾಕಿ ಉಳಿದ ನೀರನ್ನು ಮಳೆಗಾಲದಲ್ಲೂ ತಪ್ಪದೆ ಅದಕ್ಕೇ ಹೊಯ್ಯುತ್ತಾರೆ. ಫ್ರಿಜ್ಜು ಜುಮ್ಮೆನ್ನುವುದು ನಿಂತಿತು. ಹವಾಯಿ ಚಪ್ಪಲಿ ಬಚ್ಚಲಿಗೆ ಬಡ್ತಿ ಪಡೆಯಿತು. ನೆಂಟರು ಬಂದಾಗ ನನ್ನ ಹೆಂಡತಿ “ಇವ್ರು ಗಿಟಾರ್ ತಂದ್ರಲ್ಲ, ಫ್ರಿಜ್ ಸರಿಹೋಯ್ತು” ಎನ್ನುತ್ತಾಳೆ. ನೆಂಟರು ಎರಡಕ್ಕೂ ಏನು ಸಂಬಂಧವೆಂದು ತಿಳಿಯದೆ ತಲೆಯಾಡಿಸುತ್ತಾರೆ.

ಗಿಟಾರನ್ನು ಮೊದಲು ಒಪ್ಪಿಕೊಂಡವರು ಅಮ್ಮನೇ. ಕತ್ತಿನ ಫಲಕ ಸವರಿ, “ಇದು ಬೀಟೆ ಅಲ್ವೇನೋ?” ಎಂದರು. ಬೀಟೆಯೇ. ನಮ್ಮ ಕಡೆಯ ಕಾಡಿನ ಈ ಮರ ಗಿಟಾರಿನ ಫಲಕವಾಗಿ ಲೋಕವೆಲ್ಲ ಸುತ್ತುತ್ತದೆ. 2017ರ ಜನವರಿಯಿಂದ ಎರಡು ಚಿಲ್ಲರೆ ವರ್ಷ ಬೀಟೆ ಇರುವ ವಾದ್ಯ ಗಡಿ ದಾಟಿಸಲು ಕಾಗದಪತ್ರ ಬೇಕೆಂದು ನಿಯಮ ಬಂದು, ದೊಡ್ಡ ದೊಡ್ಡ ಕಂಪನಿಗಳೇ ಬೇರೆ ಮರ ಹುಡುಕಿದ್ದವು. ತೀರ್ಥಹಳ್ಳಿ ಕಡೆಯ ತವರಿನಲ್ಲಿ ಬೀಟೆ ಮಂಚದ ಮೇಲೆ ಮಲಗಿದ್ದ ಅಮ್ಮನಿಗೆ ಮಾತ್ರ ಗೊತ್ತಿದ್ದುದು, ಮಳೆಗಾಲದಲ್ಲಿ ಮರಕ್ಕೆ ಬೂಷ್ಟು ಹಿಡಿಯುತ್ತದೆ ಎಂಬುದು. ನಾನು ಆಫೀಸಿಗೆ ಹೋದ ಹೊತ್ತಿನಲ್ಲಿ ತಂತಿ ಫಲಕ ಎನ್ನದೆ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿದ್ದರು. ಆ ಸಂಜೆ ನನ್ನ ಬೆರಳು ಜಿ ಕಾರ್ಡಿನಿಂದ ಜಾರಿ ನೇರ ಡಿ ಕಾರ್ಡಿಗೆ ಹೋಗಿ ನಿಂತಿತು. ಅಷ್ಟು ವೇಗ ನನ್ನ ಕೈಯಲ್ಲಿ ಮತ್ತೆಂದೂ ಬಂದಿಲ್ಲ.

ಇನ್ನು ಗುಂಯ್ ಎಂಬ ಸದ್ದು. ಆಂಪ್ಲಿಫೈಯರ್ ಹಚ್ಚಿದೊಡನೆ ಮನೆ ತುಂಬ ಜೀರುಂಡೆ. ಮಗಳು ಪುಸ್ತಕ ಹಿಡಿದು ಬಂದು, “ಅಪ್ಪಾ, ಇದು ನಮ್ಮ ಆರನೇ ಚಾಪ್ಟರ್ರು” ಎಂದಳು. ತಂತಿಯ ಕೆಳಗೆ ಅಯಸ್ಕಾಂತ, ಅದರ ಸುತ್ತ ತಾಮ್ರದ ಸುರುಳಿ. ಉಕ್ಕಿನ ತಂತಿ ಕಂಪಿಸಿದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ, ಫ್ಯಾರಡೆ ಹೇಳಿದ್ದೇ. ಆದರೆ ಆ ಸುರುಳಿಗೆ ತಂತಿ ಯಾವುದು, ಟ್ಯೂಬ್‌ಲೈಟಿನ ಚೋಕು ಯಾವುದು ಎಂಬ ಭೇದವಿಲ್ಲ. ಮನೆಯ ವೈರಿಂಗಿನ 50 ಹರ್ಟ್ಸ್ ಕೂಡ ಅದಕ್ಕೆ ಸಂಗೀತವೇ. ಎರಡು ಸುರುಳಿಗಳನ್ನು ಎದುರುಬದುರು ಸುತ್ತಿ ಈ ಗುಂಯನ್ನು ಕೊಲ್ಲುವ ಹಂಬಕರ್ ಎಂಬ ಉಪಾಯವನ್ನು ಗಿಬ್ಸನ್‌ನವರ ಸೇತ್ ಲವರ್ 1955ರಲ್ಲೇ ಕಂಡುಹಿಡಿದಿದ್ದ. ನನ್ನದರಲ್ಲಿ ಮೂರೂ ಒಂಟಿ ಸುರುಳಿಗಳು. ಇದೂ ಓದಿದ್ದೆ, ಕೊಳ್ಳುವಾಗ ಮರೆತಿದ್ದೆ.

ಒಂಟಿ ಸುರುಳಿಯ ಗುಂಯ್ ನಾವು ಕೂರುವ ದಿಕ್ಕಿನ ಮೇಲೂ ಹೋಗುತ್ತದೆ. ಗಿಟಾರು ಹಿಡಿದು ಹಾಲಿನಲ್ಲಿ ಮೆಲ್ಲನೆ ಪ್ರದಕ್ಷಿಣೆ ಹಾಕಿದೆ. ಈಶಾನ್ಯಕ್ಕೆ ಮುಖ ಮಾಡಿದಾಗ ಸದ್ದು ಅಡಗಿತು. ಅಮ್ಮ ಕೈ ಮುಗಿದರು. ಮನೆ ಕಟ್ಟುವಾಗ ವಾಸ್ತು ಬೇಡವೆಂದು ವಾದಿಸಿದ್ದ ನನ್ನ ಅಪ್ಪನನ್ನು ನೆನೆದು, “ಅವರಿಗೆ ಹೇಳಿದ್ದೆ” ಎಂದರು. ಈಶಾನ್ಯಕ್ಕಿರುವುದು ಟಿವಿಗೆ ಬೆನ್ನಾಗುವ ಬರೀ ಗೋಡೆ. ಅದನ್ನೇ ನೋಡುತ್ತ ದಿನಾ ಅರ್ಧ ಗಂಟೆ ನುಡಿಸುತ್ತೇನೆ, ಮೇಷ್ಟರು ಶಿಕ್ಷೆಗೆ ನಿಲ್ಲಿಸಿದ ಹುಡುಗನ ಹಾಗೆ. ಶಬ್ದದ ಗುಂಡಿ 1ರಲ್ಲಿದ್ದರೂ 40 ವ್ಯಾಟು 40 ವ್ಯಾಟೇ. ಎದುರು ಮನೆಯ ನಾಯಿ ಮೊದಲ ವಾರ ಊಳಿಟ್ಟಿತು, ಎರಡನೇ ವಾರ ಬೇರೆ ಬೀದಿಗೆ ಹೋಯಿತು.

ಎಫ್ ಬರಲಿಲ್ಲ. ತಡೆಯಲಾರದೆ ಒಂದು ರಾತ್ರಿ ಭದ್ರಾವತಿಗೆ ಫೋನು ಮಾಡಿದೆ.

“ತೌ ನೋಡಿದ್ರಾ?” ಅಜ್ಜ ಕೇಳಿದರು.

“ನೋಡಿದೆ. ಗೇಜ್ ತಂದ್ಕೊಂಡಿದೀನಿ. ಹತ್ತೇ ಇದೆ.”

ಸ್ವಲ್ಪ ಹೊತ್ತು ಮೌನ. “ಮೆಷಿನ್ ಸರಿಯಿದೆ ಅಂದ್ರೆ ಆಪರೇಟರ್ ನೋಡ್ಬೇಕು” ಎಂದು ಹೇಳಿ ಅವರು ಮೊಮ್ಮಗನ ಕ್ಷೇಮಸಮಾಚಾರಕ್ಕೆ ತಿರುಗಿದರು.

ಅದೇ ವಾರ ಒಂದು ಸಂಜೆ ನುಡಿಸುವಾಗ ಕರೆಂಟು ಹೋಯಿತು. ನಾನು ನಿಲ್ಲಿಸಲಿಲ್ಲ. ಕರೆಂಟಿಲ್ಲದ ಎಲೆಕ್ಟ್ರಿಕ್ ಗಿಟಾರು ಸೊಳ್ಳೆ ಪರದೆಯೊಳಗಿನ ಸೊಳ್ಳೆಯಷ್ಟೇ ಸದ್ದು ಮಾಡುತ್ತದೆ. ಹೆಂಡತಿ ಮೇಣದಬತ್ತಿ ಹಿಡಿದು ಬಂದು ಪಕ್ಕದಲ್ಲಿ ಕೂತಳು. ಜಿ, ಸಿ, ಡಿ ಎಲ್ಲ ಕೇಳಿದಳು. “ಈಗ ಚೆನ್ನಾಗಿದೆ ರೀ. ಹೀಗೇ ನುಡಿಸಿ” ಎಂದಳು. ಕರೆಂಟು ಬಂದಾಗ ಎದ್ದುಹೋಗಿ ಆಂಪ್ಲಿಫೈಯರಿನ ಪ್ಲಗ್ಗನ್ನು ಕಿತ್ತು ವೈರು ಸುತ್ತಿಟ್ಟಳು.

ಆದ್ದರಿಂದ ಓದುಗರಲ್ಲಿ ವಿನಂತಿ. ಗಿಟಾರು ಮಾರಾಟಕ್ಕಿಲ್ಲ. 40 ವ್ಯಾಟಿನ ಆಂಪ್ಲಿಫೈಯರೊಂದು ಮಾರಾಟಕ್ಕಿದೆ. ಶಬ್ದದ ಗುಂಡಿಯಲ್ಲಿ 1 ಮಾತ್ರ ಬಳಸಿದ್ದು, 2ರಿಂದ 10ರ ತನಕ ಹೊಚ್ಚಹೊಸದು. ಗಣಪತಿ ಕೂರಿಸುವ ಹುಡುಗರಿಗೆ ರಿಯಾಯಿತಿ ಉಂಟು. ಚೌಕಾಸಿ ಮಾಡುವವರು ನನ್ನ ಹೆಂಡತಿಯ ಹತ್ತಿರ ಮಾಡಬೇಕು. ಮಧ್ಯಾಹ್ನ ಎರಡರಿಂದ ನಾಲ್ಕು ಅಮ್ಮ ಮಲಗಿರುತ್ತಾರೆ, ಬೆಲ್ ಒತ್ತಬೇಡಿ. ವಿಳಾಸ: ಹೊಸಮನೆ, ಶಿವಮೊಗ್ಗ. ದಿನಸಿ ಅಂಗಡಿಯಲ್ಲಿ ಗಿಟಾರಿನವರ ಮನೆ ಎಂದು ಕೇಳಿದರೆ ತೋರಿಸುತ್ತಾರೆ.